ಉತ್ತರದ ಮಗ್ಗುಲು

ನೀಲಿ ಬಳಿಸಿದ್ದು ಯುಗಾದಿಗೆ.
ದೀಪಾವಳಿಗೆ ಮೊದಲೇ ಕಪ್ಪು ಬಂತು.
ಮೂಲೆಯಲ್ಲಿ ಒಂದೆರಡು, ರಾಗಿ ಕಾಳಿನಷ್ಟು,
ಆಮೇಲೆ ಯಾರೋ ಒಗ್ಗರಣೆ ಸಿಡಿಸಿದ ಹಾಗೆ
ಹಲಗೆಯ ಉದ್ದಕ್ಕೂ.

ನನ್ನದು ಗೂಡಂಗಡಿ, ವೀಸಿ ನಾಲೆಯ ಏರಿ ಮೇಲೆ,
ತೂಬಿನಿಂದಾಚೆ ಮೂರನೇ ಮಳೆಮರದ ಬುಡದಲ್ಲಿ.
ಬೀಡಿ, ಬಾಳೆಹಣ್ಣು, ನಿಪ್ಪಟ್ಟು, ರೀಚಾರ್ಜು.
ಹಲಗೆ ಹಲಸಿನದು. ಕೈ ಸಿದ್ದಪ್ಪಾಜಿಯದು.
ದುಡ್ಡು ನನ್ನದು, ಹಾಗಾಗಿ ಬಾಯಿಯೂ ನನ್ನದೇ.

"ಸೀಮೆಎಣ್ಣೆ ಸುರಿದು ತೆಳ್ಳಗೆ ಬಳಿದಿದ್ದೀಯ.
ಅರ್ಧ ಡಬ್ಬ ನಿನ್ನ ಮನೆ ಬಾಗಿಲಿಗೆ ಹೋಗದೆ."
ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. ಮಾತಾಡಲಿಲ್ಲ.
ಬ್ಲೀಚಿಂಗ್ ಪುಡಿ ಕದಡಿದ ಬಾಟಲಿ ತೆಗೆದು
ಒಂದೇ ಒಂದು ತೊಟ್ಟು ಬಿಟ್ಟ, ಕಪ್ಪಿನ ಮೇಲೆ.
"ಹಂಗೇ ಉಳಿದ್ರೆ ಕೊಳೆ. ಬಿಳಿಚ್ಕಂಡ್ರೆ ಬೂಷ್ಟು.
ನೋಡ್ತಿರು."
ಅರ್ಧ ಬೀಡಿ ಉರಿಯುವಷ್ಟು ಹೊತ್ತು ಇಬ್ಬರೂ ನೋಡಿದೆವು.
ಬಿಳಿಚಿಕೊಂಡಿತು,
ಕದ್ದು ಸಿಕ್ಕಿಬಿದ್ದವರ ಮುಖದ ಹಾಗೆ.

"ಎಣ್ಣೆ ಬಣ್ಣ ಅಂದ್ರೆ ಏನಂದ್ಕಂಡಿದ್ದೀ ಅಕ್ಕ?
ಅಗಸೆ ಎಣ್ಣೆ. ಅಗಸೆ ತಿನ್ನೋ ಪದಾರ್ಥ ತಾನೆ?
ಎಲೆ ಹಾಕಿ ಬಡಿಸಿ ಕುಂತಿದ್ದೀವಿ.
ಅದರ ಬೀಜ ಎಲ್ಲಾ ಗಾಳೀಲೂ ಇರ್ತದೆ,
ಬೆಂಗಾಡ ಗಾಳೀಲೂ. ಊರಕ್ಕೆ ಮಾತ್ರ ಒದ್ದೆ ಬೇಕು."

ಒದ್ದೆಗೇನು ಕೊರತೆ ಇಲ್ಲಿ.
ನಾಲೆ ಬಿಟ್ಟಾಗಿನಿಂದ ಗದ್ದೆಗಳೆಲ್ಲ ನೀರು ಹೊದ್ದು ಮಲಗಿವೆ.
ಬೆನ್ನಿಗೆ ಕಬ್ಬು, ಗಾಳಿಗೆ ದಾರಿ ಬಿಡದ ಕಬ್ಬು.
ಮರಿಲಿಂಗಣ್ಣನ ಆಲೆಮನೆ ಕೊಪ್ಪರಿಗೆಯಿಂದೆದ್ದ ಹಬೆ
ಹೋಗುವ ದಾರಿಯಲ್ಲಿ ನನ್ನ ಹಲಗೆಗೆ ಕೈ ಒರೆಸಿಕೊಂಡು ಹೋಗುತ್ತದೆ.
ಮಳೆಮರ ಅಂಟು ಉದುರಿಸುತ್ತದೆ, ಲಾರಿ ಧೂಳು ಎರಚುತ್ತದೆ.
ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬಾರದೆಂದು
ಅವ್ವ ಬೆರಳಿಗೆ ಹೊಡೆದು ಕಲಿಸಿದ್ದಳು.
ಅಂಗಡಿಯೇ ಜಾಡಿ ಎಂದು ನನಗೆ ಹೊಳೆದಿರಲಿಲ್ಲ.

ತೆಂಕಲ ಕಡೆಗೆ ಕರೆದೊಯ್ದ.
ಅದೇ ಡಬ್ಬ, ಅದೇ ಕೈ, ಅದೇ ನೀಲಿ,
ನಿನ್ನೆ ಬಳಿದಂತಿದೆ.
ಈ ಮಗ್ಗುಲಿಗೆ ಬಿಸಿಲು ಎಂಟಕ್ಕೆಲ್ಲ ಬಂದು ಒರೆಸಿಬಿಡುತ್ತದೆ.
ಮರದ ಕಡೆಗೆ ರಾತ್ರಿ ಬಂದು ಕೂತ ಇಬ್ಬನಿ
ಹನ್ನೊಂದಾದರೂ ಏಳುವುದಿಲ್ಲ,
ಊಟ ಮುಗಿದರೂ ಹೊರಡದ ನೆಂಟರ ಹಾಗೆ.
"ಉತ್ತರ," ಅಂದ, ಆ ಕಡೆ ಕೈ ಮಾಡಿ. ಅಷ್ಟೆ.

ಆ ಹಲಗೆಯಲ್ಲೂ ಒಂದು ಕಡೆ ಕಪ್ಪಿಲ್ಲ,
ಗಿಡ್ಡ ಆಳೊಬ್ಬನ ಬೆನ್ನಿನಷ್ಟು ಅಗಲ.
ನೀರುಗಂಟಿ ಬೆಟ್ಟಯ್ಯ ತೂಬು ನೋಡಿ ಬಂದು
ದಿನಾ ಒರಗುವ ಜಾಗ.
ಅವನ ಟವೆಲು, ಅವನ ಮೈಶಾಖ,
ಮೂರು ಹೊತ್ತು ಉಜ್ಜಿ ಉಜ್ಜಿ
ಅವನಿಗೇ ತಿಳಿಯದ ಹಾಗೆ
ಒಂದು ಬೆನ್ನಗಲ ನೀಲಿಯನ್ನು ಕಾದಿದ್ದಾನೆ.

ಆಗ ನೆನಪಾಯಿತು.
ಯುಗಾದಿಯ ಹಿಂದಿನ ದಿನ ನಾನೇ ಅಂದಿದ್ದೆ,
"ತೊಳೆಯೋದು ಒಣಗಿಸೋದು ಏನೂ ಬ್ಯಾಡ,
ಹಳೇದರ ಮೇಲೇ ಒಂದು ಕೈ ಎಳೆದುಬಿಡು,
ಒಂದು ದಿನದ ಕೂಲಿ ಉಳೀತದೆ."
ಬದುಕಿದ್ದ ಕಪ್ಪಿಗೆ ನೀಲಿ ರಗ್ಗು ಹೊದಿಸಿದ್ದೆ.
ಅವನು ಅದನ್ನು ಆಗಲೂ ಎತ್ತಿ ಆಡಲಿಲ್ಲ, ಈಗಲೂ ಇಲ್ಲ.
ಗುಂಜು ಹಿಡಿದು ಉಜ್ಜುತ್ತಿದ್ದ.

ಎರಡು ದಿನ ಒಣಗಲು ಬಿಟ್ಟೆವು.
ಬೆಟ್ಟಯ್ಯ, ಮರಿಲಿಂಗಣ್ಣನ ಇಬ್ಬರು ಆಳು, ನಾನು,
ಉಸ್ಸೆಂದು ಅಂಗಡಿಯನ್ನು ಮೂರು ಮೊಳ ಆಚೆಗೆ ತಳ್ಳಿದೆವು,
ಮರಕ್ಕೂ ಹಲಗೆಗೂ ನಡುವೆ ಗಾಳಿ ಓಡಾಡಲೆಂದು.
ಹಳೆಯ ಜಾಗದಲ್ಲಿ ಚೌಕಾಕಾರದ ಬಿಳಿಯ ಮಣ್ಣು,
ಎಂದೋ ಉರುಳಿದ ಒಂದು ರೂಪಾಯಿ.

"ಮತ್ತೆ ಬತ್ತದಾ?" ಅಂದೆ.
"ಬತ್ತದೆ, ತಡವಾಗಿ ಬತ್ತದೆ.
ನಾಲೇಲಿ ನೀರಿರೋಗಂಟ ಬತ್ತದೆ.
ನೀರು ಬಿಡದ ವರ್ಷ ನಿನ್ನ ನೀಲಿ ಫಳಫಳ ಅಂತದೆ,
ನಿಪ್ಪಟ್ಟು ಕೇಳೋರು ಇರಕಿಲ್ಲ."

ಕೂಲಿ ಎಣಿಸಿ ಕೊಟ್ಟೆ,
ಈ ಸಲ ತೊಳೆದ ದಿನದ್ದೂ ಸೇರಿಸಿ.
ಬೆಟ್ಟಯ್ಯ ಹಸಿ ಬಣ್ಣ ಅಂತ ಗೊತ್ತಿಲ್ಲದೆ ಒರಗಿಬಿಟ್ಟ.
ಅವನ ಅಂಗಿಯ ಬೆನ್ನು ಈಗಲೂ ನೀಲಿ.